ದಂತವೈದ್ಯ ಪದವಿ ಬಿಡಿಎಸ್‌ಗಾಗಿ ಮತ್ತೆ ನೀಟ್ ಬರೆಯಬೇಕೇ?

ಮೊದಲು ಅಂಕ ಮರೆತು ರ‍್ಯಾಂಕ್ ನೋಡಿ. ಪ್ರಶ್ನೆಪತ್ರಿಕೆ ಎಷ್ಟು ಕಠಿಣ ಎಂಬುದರ ಮೇಲೆ ಅದೇ 450 ಅಂಕಕ್ಕೆ ವರ್ಷದಿಂದ ವರ್ಷಕ್ಕೆ ರ‍್ಯಾಂಕ್ ಬದಲಾಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಕಳೆದ ಎರಡು ವರ್ಷಗಳ ಬಿಡಿಎಸ್ ಕಟ್‌ಆಫ್ ತೆಗೆದು, ನಿಮ್ಮ ಪ್ರವರ್ಗದಲ್ಲಿ ಸೀಟು ಹಂಚಿಕೆಯ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕನ್ನು ಗುರುತು ಹಾಕಿಕೊಳ್ಳಿ. ಮೊದಲ ಸುತ್ತು ನೋಡಿ ಎದೆಗುಂದುವವರೇ ಹೆಚ್ಚು. ಸರ್ಕಾರಿ ಸೀಟು, ಖಾಸಗಿ ಸೀಟುಗಳನ್ನು ಬೇರೆಬೇರೆಯಾಗಿ ಬರೆಯಿರಿ. ಶುಲ್ಕದ ಅಂತರ ದೊಡ್ಡದು.

ಆಮೇಲೆ ಒಎಂಆರ್ ಉತ್ತರಹಾಳೆಯ ಪ್ರತಿ ಮತ್ತು ಕೀ ಉತ್ತರ ಇಟ್ಟುಕೊಂಡು ಅಂಕ ಎಲ್ಲಿ ಸೋರಿತೆಂದು ಲೆಕ್ಕ ಹಾಕಿ. 180 ಪ್ರಶ್ನೆ, 720 ಅಂಕ. ಸರಿಗೆ 4, ತಪ್ಪಿಗೆ 1 ಕಡಿತ. 110 ಸರಿ, 40 ತಪ್ಪು ಆಗಿದ್ದರೆ 400. ಆ ತಪ್ಪುಗಳಲ್ಲಿ 20 ಬಿಟ್ಟಿದ್ದರೂ ಸಿಗುತ್ತಿದ್ದುದು ಬರೀ 20 ಹೆಚ್ಚು. ಅವನ್ನೇ ಸರಿ ಮಾಡಿದ್ದರೆ 100. ಜೀವಶಾಸ್ತ್ರಕ್ಕೇ 360 ಅಂಕವಿದೆ. ಅಲ್ಲಿ ಎನ್‌ಸಿಇಆರ್‌ಟಿ ಪಠ್ಯಪುಸ್ತಕದ ಸಾಲುಗಳು ತಪ್ಪಿದ್ದರೆ ಮರುಪ್ರಯತ್ನ ಫಲ ಕೊಡುತ್ತದೆ. ಭೌತಶಾಸ್ತ್ರದ ಬುನಾದಿಯೇ ಸಡಿಲವಾಗಿದ್ದರೆ ಕೊನೆಯ ಮೂರು ತಿಂಗಳ ಕ್ರ್ಯಾಶ್ ಕೋರ್ಸ್ ನೆಚ್ಚಬೇಡಿ; ಇಡೀ ವರ್ಷ ಬೇಕು.

ಹಳೆಯ ಅಂಕ ಮುಂದಿನ ವರ್ಷದ ಪ್ರವೇಶಕ್ಕೆ ನಡೆಯುವುದಿಲ್ಲ. ಆದ್ದರಿಂದ ಮನೆಗೆ ಹೊಂದುವ ಶುಲ್ಕದ ಸೀಟು ಈಗಲೇ ಸಿಗುತ್ತಿದ್ದು, ಗುರಿ ದಂತವೈದ್ಯವೇ ಆಗಿದ್ದರೆ ಸೇರಿಬಿಡುವುದೇ ಲೇಸು. ಎಂಬಿಬಿಎಸ್ ಆಸೆಯಿಂದ ಸೀಟು ಹಿಡಿದು ಆಮೇಲೆ ಬಿಡುವ ಯೋಚನೆಯಿದ್ದರೆ, ಸೇರುವ ಮೊದಲೇ ದಂಡದ ಮತ್ತು ಮೂಲ ದಾಖಲೆ ವಾಪಸಾತಿಯ ನಿಯಮ ಓದಿ.