ಕೆಲಸ ಹುಡುಕಲು ಬೆಳಗಾವಿಗೆ ಬಂದಿದ್ದೀರಾ? ಮೊದಲು ದಿಕ್ಕು ನೋಡಿ

ಬಾಗಲಕೋಟೆ, ವಿಜಯಪುರ, ಗೋಕಾಕ, ರಾಯಬಾಗದ ಕಡೆಯಿಂದ ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿ ಬೆಳಗಾವಿಗೆ ಬರುವ ಹುಡುಗರು ಸಾಮಾನ್ಯವಾಗಿ ಎರಡು ತಯಾರಿ ಮಾಡಿಕೊಂಡು ಬರುತ್ತಾರೆ. ಮೊಬೈಲಿನಲ್ಲಿ ನಾಲ್ಕಾರು ಉದ್ಯೋಗದ ಆ್ಯಪ್ ಇರುತ್ತವೆ. ಗೆಳೆಯನ ರೂಮಿನಲ್ಲಿ ಒಂದು ಮೂಲೆ ಗೊತ್ತಾಗಿರುತ್ತದೆ. ಎರಡೂ ಇರಲಿ, ಬೇಡವೆಂದವರಾರು? ಆದರೆ ಇಲ್ಲಿನ ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ), ಮಷಿನ್ ಶಾಪ್, ಹೈಡ್ರಾಲಿಕ್ ಬಿಡಿಭಾಗ ಮಾಡುವ ಸಣ್ಣ ಘಟಕಗಳು ಆ್ಯಪಿನಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಜನ ಬೇಕಾದಾಗ ಮಾಲೀಕರು ಮೊದಲು ಒಳಗಿನ ಕೆಲಸಗಾರರನ್ನೇ ಕೇಳುತ್ತಾರೆ. ಅಲ್ಲಿ ಸಿಗದಿದ್ದರೆ ಗೇಟಿಗೆ ಬೋರ್ಡು ನೇತುಹಾಕುತ್ತಾರೆ. ಹಾಗಾಗಿ ಈ ಊರಿನಲ್ಲಿ ಕೆಲಸ ಹುಡುಕುವುದೆಂದರೆ ಹೆಚ್ಚಾಗಿ ಕಾಲಿನ ಕೆಲಸ. ರೂಮು, ಊಟ, ಬಸ್ಸು ಎಲ್ಲವನ್ನೂ ಆ ಓಡಾಟಕ್ಕೆ ಹೊಂದಿಸಿಕೊಳ್ಳಬೇಕು.

ರೂಮಿಗೆ ಮುಂಗಡ ಕೊಡುವ ಮುನ್ನ

ಬೆಳಗಾವಿಯ ಕಾರ್ಖಾನೆಗಳು ಒಂದೇ ಕಡೆ ಇಲ್ಲ. ಉದ್ಯಮಬಾಗ ಮತ್ತು ಮಚ್ಛೆ ಖಾನಾಪುರ ರಸ್ತೆಯ ಕಡೆ. ಕಾಕತಿ, ಹೊನಗಾ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಅಂದರೆ ಊರಿನ ಇನ್ನೊಂದು ತುದಿಗೆ. ಆಟೋನಗರ ಕಣಬರ್ಗಿ ಹಾದಿಯಲ್ಲಿ. ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯ ಇರುವುದು ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ. ಅದನ್ನೂ ಜನ ಬೆಳಗಾವಿ ಅಂತಲೇ ಹೇಳಿಬಿಡುತ್ತಾರೆ! ನರ್ಸಿಂಗ್, ಲ್ಯಾಬ್ ಓದಿದವರ ದಾರಿ ಬೇರೆ, ಆಸ್ಪತ್ರೆ ಇರುವ ನೆಹರೂ ನಗರದ ಕಡೆ. ಬಟ್ಟೆ ಅಂಗಡಿ, ಸೇಲ್ಸ್ ಕೆಲಸಕ್ಕೆ ಖಡೇಬಜಾರ್ ಸುತ್ತಲಿನ ಗಲ್ಲಿಗಳು.

ನಿಮ್ಮ ಕೆಲಸ ಯಾವ ಕಡೆ ಎಂದು ಗೊತ್ತಾಗುವವರೆಗೆ ಗೆಳೆಯನ ರೂಮೋ, ಅಗ್ಗದ ಲಾಡ್ಜೋ ಸಾಕು. ಮೊದಲ ವಾರವೇ ಆರು ತಿಂಗಳ ಕರಾರು ಮಾಡಿಕೊಳ್ಳಬೇಡಿ. ಟರ್ನರ್, ಫಿಟ್ಟರ್, ವಿಎಂಸಿ (ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಮಷಿನ್) ಆಪರೇಟರ್‌ಗಳು ಉದ್ಯಮಬಾಗವನ್ನೇ ಹಿಡಿಯುವುದಾದರೆ ಅನಗೋಳ, ಮಜಗಾವಿ, ಟಿಳಕವಾಡಿಯ ಮೂರನೇ ಗೇಟಿನ ಕಡೆ ನೋಡಬಹುದು. ಅಲ್ಲಿಂದ ನಡೆದುಕೊಂಡೇ ಹೋಗಬಹುದು, ಬಸ್ಸಿನ ದುಡ್ಡು ಉಳಿಯುತ್ತದೆ.

ಮನೆ ಮಾಲೀಕರನ್ನು ಬಾಡಿಗೆ ಎಷ್ಟೆಂದು ಕೇಳುವುದರ ಜೊತೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದೂ ಕೇಳಿ. ಊರಿನ ಕೆಲವು ವಾರ್ಡುಗಳಲ್ಲಿ ದಿನವಿಡೀ ನಲ್ಲಿ ನೀರಿದೆ, ಉಳಿದ ಕಡೆ ನೀರಿಗಾಗಿ ಕಾಯಬೇಕು. ಶಿಫ್ಟಿಗೆ ಹೋಗುವವನಿಗೆ ಇದು ಸಣ್ಣ ವಿಷಯವಲ್ಲ. ಮುಂಗಡವನ್ನು ಯುಪಿಐನಲ್ಲಿ ಹಾಕಿ, ಇಲ್ಲವೇ ಕೈಬರಹದ ರಸೀದಿ ಪಡೆಯಿರಿ. ಅಡುಗೆ ಮಾಡಿಕೊಳ್ಳುವವರಿಗೆ 5 ಕೆಜಿಯ ಸಣ್ಣ ಸಿಲಿಂಡರ್ ವಿಳಾಸದ ಪುರಾವೆ ಇಲ್ಲದೆ, ಬರೀ ಗುರುತಿನ ಚೀಟಿಯ ಮೇಲೆ ಸಿಗುತ್ತದೆ.

ಡಿಸೆಂಬರ್‌ನಲ್ಲಿ ಬರುವವರಿಗೆ ಒಂದು ಮಾತು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಲಾಡ್ಜ್‌ಗಳು ತುಂಬಿರುತ್ತವೆ, ಹೆದ್ದಾರಿಯಲ್ಲಿ ಧರಣಿ, ಬಂದೋಬಸ್ತು ಬೇರೆ. ಮಂತ್ರಿಗಳೆಲ್ಲ ಬೆಂಗಳೂರಿಗೆ ಮರಳಿದ ಮೇಲೆ ಬಂದರೆ ಒಳ್ಳೆಯದು.

ಗೇಟಿನ ಮುಂದೆ

ಬೆಳಿಗ್ಗೆ ಶಿಫ್ಟ್ ಶುರುವಾಗುವ ಹೊತ್ತಿಗೆ ಗೇಟಿಗೆ ಹೋದರೆ ಯಾರೂ ಮಾತಾಡಿಸುವುದಿಲ್ಲ. ಎಲ್ಲರೂ ಪಂಚ್ ಮಾಡುವ ಅವಸರದಲ್ಲಿರುತ್ತಾರೆ. ಒಂದರ್ಧ ತಾಸು ಬಿಟ್ಟು ಹೋಗಿ. ಒಂದು ಓಣಿ ಹಿಡಿದರೆ ಅದನ್ನು ಪೂರ್ತಿ ಮುಗಿಸಿ. ಬೋರ್ಡು ಇಲ್ಲದ ಗೇಟಿನಲ್ಲೂ ಕೇಳಿ. ಯಾವ ಘಟಕ, ಯಾರನ್ನು ಕಂಡೆ, ಏನಂದರು ಎಂದು ಒಂದು ಸಾಲು ಬರೆದಿಟ್ಟುಕೊಳ್ಳಿ, ಯಾಕಂದರೆ ಸಂಜೆಗೆ ಎಲ್ಲ ಗೇಟೂ ಒಂದೇ ಥರ ನೆನಪಾಗುತ್ತವೆ.

ವಾಚ್‌ಮನ್‌ಗೆ ‘ಕೆಲಸ ಐತೇನ್ರಿ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ತಯಾರಾಗಿರುತ್ತದೆ. ಅವರಿಗೂ ಅದೇ ಸುಲಭ ಅಲ್ವಾ? ಬದಲಿಗೆ, ‘ಕಾಕಾ, ನಾ ಟರ್ನರ್ ಅದೀನ್ರಿ, ಐಟಿಐ ಆಗೈತಿ. ಸೂಪರ್‌ವೈಸರ್ ಸಾಹೇಬ್ರು ಯಾವಾಗ ಸಿಗತಾರ್ರಿ?’ ಎಂದು ಕೇಳಿ ನೋಡಿ. ಇದಕ್ಕೆ ‘ಇಲ್ಲ’ ಎನ್ನಲು ಬರುವುದಿಲ್ಲ, ಒಂದು ಸಮಯವನ್ನಾದರೂ ಹೇಳಬೇಕಾಗುತ್ತದೆ. ಉತ್ತರ ಮರಾಠಿಯಲ್ಲಿ ಬಂದರೆ ಗಾಬರಿ ಬೇಡ. ಇಲ್ಲಿನ ಶಾಪ್‌ಗಳಲ್ಲಿ ಕನ್ನಡ, ಮರಾಠಿ, ಹಿಂದಿ ಬೆರೆತೇ ಮಾತು ನಡೆಯುತ್ತದೆ. ನೀವು ಕನ್ನಡದಲ್ಲೇ ಮುಂದುವರಿಸಿ.

ಬಯೋಡೇಟಾ ಒಂದೇ ಪುಟ ಇರಲಿ. ಗುರಿ, ಹವ್ಯಾಸ, ‘ಕಠಿಣ ಪರಿಶ್ರಮಿ’ ಯಾವುದೂ ಬೇಡ. ಟ್ರೇಡ್, ಪಾಸಾದ ವರ್ಷ, ಕೈಯಾಡಿಸಿದ ಮಷಿನ್‌ಗಳು, ಅದರ ಕಂಪ್ಯೂಟರ್ ಕಂಟ್ರೋಲ್ ಯಾವ ಕಂಪನಿಯದು (ಫ್ಯಾನುಕ್ಕೋ ಸೀಮೆನ್ಸೋ), ಓದಲು ಬರುವ ಅಳತೆಯ ಸಾಧನಗಳು, ಫೋನ್ ನಂಬರ್. ಇಷ್ಟನ್ನು ದಪ್ಪ ಅಕ್ಷರದಲ್ಲಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಜಿಟಿಜಿಟಿ ಮಳೆ ಫೈಲನ್ನು ಬಿಡುವುದಿಲ್ಲ, ಪ್ಲಾಸ್ಟಿಕ್ ಕವರ್ ಬೇಕೇ ಬೇಕು.

ಗೇಟಿಗಿಂತ ಜಾಸ್ತಿ ಸುದ್ದಿ ಸಿಗುವುದು ಚಹಾದಂಗಡಿಯಲ್ಲಿ. ಚಹಾದ ಬಿಡುವಿನಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡ ಜನ ಹೊರಗೆ ಬರುತ್ತಾರೆ. ಯಾವ ಘಟಕಕ್ಕೆ ಹೊಸ ಆರ್ಡರ್ ಬಂದಿದೆ, ಯಾರು ಬಿಟ್ಟು ಹೋದರು ಎಂಬುದು ಅವರಿಗೆ ಗೊತ್ತು. ಅಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: ‘ಅಣ್ಣಾ, ನಿಮ್ಮಲ್ಲಿ ಪಗಾರ ಯಾವ ತಾರೀಖಿಗೆ ಆಗತೈತ್ರಿ?’ ಪಗಾರ ಎಷ್ಟು ಎನ್ನುವುದಕ್ಕಿಂತ ಯಾವಾಗ ಆಗುತ್ತದೆ ಎನ್ನುವುದು ಆ ಕಾರ್ಖಾನೆಯ ಬಗ್ಗೆ ಜಾಸ್ತಿ ಹೇಳುತ್ತದೆ. ದೀಪಾವಳಿ ಮುಗಿದ ವಾರ ಒಂದು ಸುತ್ತು ಹಾಕುವುದನ್ನು ತಪ್ಪಿಸಬೇಡಿ. ಹಬ್ಬಕ್ಕೆ ಊರಿಗೆ ಹೋದವರಲ್ಲಿ ಕೆಲವರು ತಿರುಗಿ ಬರುವುದಿಲ್ಲ.

ವರ್ನಿಯರ್ ಕೈಗೆ ಕೊಟ್ಟಾಗ

ಮಷಿನ್ ಶಾಪ್‌ಗಳಲ್ಲಿ ಸಂದರ್ಶನ ಎಂದರೆ ಕುರ್ಚಿ, ಟೇಬಲ್ಲು ಇರಲೇಬೇಕೆಂದಿಲ್ಲ. ಸೂಪರ್‌ವೈಸರ್ ಒಂದು ಜಾಬ್ (ಮಷಿನ್‌ನಲ್ಲಿ ಮಾಡಿದ ಬಿಡಿಭಾಗ), ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್, ಮಸಿಯಾದ ಒಂದು ಡ್ರಾಯಿಂಗ್ ಕೊಟ್ಟು ‘ಅಳದು ಹೇಳಪಾ’ ಎನ್ನಬಹುದು. ಅವರು ನೋಡುವುದು ಉತ್ತರವನ್ನಷ್ಟೇ ಅಲ್ಲ, ನಿಮ್ಮ ಕೈಯನ್ನೂ.

ಮೊದಲು ಜಾಬನ್ನೂ ವರ್ನಿಯರ್‌ನ ದವಡೆಗಳನ್ನೂ ಬಟ್ಟೆಯಿಂದ ಒರೆಸಿ. ದವಡೆ ಮುಚ್ಚಿ, ಎರಡೂ ಸೊನ್ನೆ ಗೆರೆ ಕೂಡುತ್ತವೆಯೇ ನೋಡಿ. ಎಷ್ಟೋ ಹುಡುಗರು ಈ ಎರಡನ್ನು ಬಿಟ್ಟು ನೇರ ಅಳೆಯಲು ಹೋಗುತ್ತಾರೆ. ಆಮೇಲೆ ಓದುವುದು. 0.02 ಮಿಮೀ ಲೀಸ್ಟ್ ಕೌಂಟ್ (ಓದಬಹುದಾದ ಅತಿ ಸಣ್ಣ ಅಳತೆ) ಇರುವ ವರ್ನಿಯರ್ ಎಂದುಕೊಳ್ಳಿ. ಜಾರುವ ಸ್ಕೇಲಿನ ಸೊನ್ನೆ ಮುಖ್ಯ ಸ್ಕೇಲಿನ 24 ಮಿಮೀ ದಾಟಿದೆ, ಅದರ 48ನೇ ಗೆರೆ ಮುಖ್ಯ ಸ್ಕೇಲಿನ ಒಂದು ಗೆರೆಗೆ ಸರಿಯಾಗಿ ಕೂಡಿದೆ. 48ನ್ನು 0.02ರಿಂದ ಗುಣಿಸಿದರೆ 0.96. ಅಳತೆ 24.96 ಮಿಮೀ. ಡ್ರಾಯಿಂಗಿನಲ್ಲಿ 25 ಮಿಮೀ, ಪ್ಲಸ್ ಆರ್ ಮೈನಸ್ 0.05 ಎಂದಿದ್ದರೆ 24.95ರಿಂದ 25.05ರವರೆಗೆ ಪಾಸ್. ‘24.96 ಐತ್ರಿ ಸಾಹೇಬ್ರ, ಪಾಸ್ ಐತಿ, ಆದರ ಅಂಚಿಗೆ ಬಂದೈತಿ’ ಎಂದು ಹೇಳುವವನಿಗೂ ಬರೀ ‘24.96’ ಎನ್ನುವವನಿಗೂ ವ್ಯತ್ಯಾಸವಿದೆ. ಹಿಂದಿನ ರಾತ್ರಿ ನೂರು ಇಂಟರ್‌ವ್ಯೂ ಪ್ರಶ್ನೆ ಓದುವುದಕ್ಕಿಂತ ಇದನ್ನು ಹತ್ತು ಸಲ ಮಾಡುವುದು ಮೇಲು.

ಅನುಭವ ಇಲ್ಲವೆಂದು ಎಲ್ಲ ಕಡೆ ತಿರುಗಿ ಕಳಿಸುತ್ತಿದ್ದರೆ ಅಪ್ರೆಂಟಿಸ್ ಆಗಿ ಸೇರುವುದನ್ನು ಕೀಳಾಗಿ ಕಾಣಬೇಡಿ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಯೇ ಸೇರಿ. ಪರೀಕ್ಷೆ ಪಾಸಾದರೆ ಸಿಗುವ ಪ್ರಮಾಣಪತ್ರ ಮುಂದೆ ಕೆಲಸಕ್ಕೆ ಬರುತ್ತದೆ. ಬಾಯಿಮಾತಿನ ‘ಟ್ರೇನಿ’ಗೆ ಅದು ಸಿಗುವುದಿಲ್ಲ.

ಹೊಟ್ಟೆ, ಜೇಬು

ಮನೆಯಿಂದ ಹೊರಡುವಾಗ ಅವ್ವ ಕಟ್ಟಿಕೊಡುವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯನ್ನು ನಾಚಿಕೆಪಟ್ಟು ಬಿಟ್ಟು ಬರಬೇಡಿ. ರಾತ್ರಿ ಊಟದ ಚಿಂತೆ ಅದರಲ್ಲೇ ಕಳೆಯುತ್ತದೆ, ಜೊತೆಗೆ ಮೊಸರು ಕೊಂಡರಾಯಿತು. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ. ಖಾನಾವಳಿಗೆ ತಿಂಗಳ ದುಡ್ಡು ಒಂದೇ ಸಲ ಕಟ್ಟುವುದು ಕೆಲಸ ಸಿಕ್ಕ ಮೇಲೆ. ಅಲ್ಲಿವರೆಗೆ ತಿಂದ ದಿನಕ್ಕೆ ಕೊಟ್ಟರೆ ಸಾಕು.

2022-23ರಿಂದ ಈಚೆಗೆ ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ. ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಆಗಾಗ ಘೋಷಿಸುತ್ತಿರಬೇಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ ಉಚಿತ. ಹಾಗಾಗಿ ಅವರು ಹೊನಗಾ, ಮಚ್ಛೆ ಎರಡನ್ನೂ ಧಾರಾಳವಾಗಿ ಸುತ್ತಬಹುದು. ಆದರೆ ಕೆಲಸ ಒಪ್ಪುವ ಮುನ್ನ ಎರಡನೇ ಶಿಫ್ಟ್ ಬಿಡುವ ಹೊತ್ತಿಗೆ ಗಾಡಿ ಯಾರದು ಎಂದು ಕೇಳಿ.

ದುಡ್ಡು ಕೇಳಿದರೆ ಎದ್ದು ಬನ್ನಿ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಟ್ರೇನಿಂಗ್, ಯಾವ ಹೆಸರಿನಲ್ಲಿ ಕೇಳಿದರೂ ಅಷ್ಟೇ. ಮೂಲ ಮಾರ್ಕ್ಸ್ ಕಾರ್ಡನ್ನು ತೋರಿಸಿ, ವಾಪಸ್ ತೆಗೆದುಕೊಳ್ಳಿ, ಝೆರಾಕ್ಸ್ ಮಾತ್ರ ಕೊಡಿ. ಆನ್‌ಲೈನಿನಲ್ಲಿ ಹಣ ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಗಾರದ ಲೆಕ್ಕ

ಕೆಲಸ ಗಟ್ಟಿಯಾದಾಗ ಅವರು ಹೇಳುವ ಮೊತ್ತ ಕಡಿತಕ್ಕೆ ಮುಂಚಿನದೋ, ಕೈಗೆ ಬರುವುದೋ ಕೇಳಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಎಂದರೆ ಪಿಎಫ್‌ಗೆ (ಭವಿಷ್ಯ ನಿಧಿಗೆ) ಶೇ 12, ಅಂದರೆ 1,800 ಹೋಗುತ್ತದೆ. ತಿಂಗಳಿಗೆ 21,000ದವರೆಗೆ ಪಗಾರ ಇದ್ದವರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದೆ. ಅದಕ್ಕೆ ಶೇ 0.75, ಅಂದರೆ 113. ಕೈಗೆ 13,087. ಕಾಯ್ದೆ ಪ್ರಕಾರ ಸೇರಿದ ಅಪ್ರೆಂಟಿಸ್‌ಗೆ ಈ ಎರಡು ಕಡಿತ ಇರುವುದಿಲ್ಲ, ಹಾಗಾಗಿ ಅವನ ಸ್ಟೈಪೆಂಡ್ ಜೊತೆ ನಿಮ್ಮ ಪಗಾರ ಹೋಲಿಸಬೇಡಿ.

‘ಪಿಎಫ್ ಬ್ಯಾಡ, ಪೂರಾ ಕೈಗೆ ಕೊಡತೀವಿ’ ಎನ್ನುವವರೂ ಇದ್ದಾರೆ. ಹೊಸದಾಗಿ ಸೇರುವವರಿಗೆ ಇದು ಹಿತವಾಗಿ ಕೇಳುತ್ತದೆ. ಆದರೆ ಪಿಎಫ್ ಇದ್ದರೆ ಮಾಲೀಕರ ಪಾಲೂ ನಿಮ್ಮ ಹೆಸರಿಗೆ ಬೀಳುತ್ತದೆ, ಇಎಸ್‌ಐ ಇದ್ದರೆ ಫೌಂಡ್ರಿಯಲ್ಲಿ ಕೈ ಸುಟ್ಟಾಗ ಆಸ್ಪತ್ರೆ ಖರ್ಚು ನಿಮ್ಮ ಮೇಲೆ ಬರುವುದಿಲ್ಲ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಾಡಿಸಿದರೆ ದುಪ್ಪಟ್ಟು ದರ ಕೊಡಬೇಕೆಂದು ಕಾನೂನಿದೆ. ಅವರ ದರ ಏನೆಂದು ಸೇರುವ ದಿನವೇ ಕೇಳಿ. ನೇಮಕಾತಿ ಪತ್ರ ಪಡೆಯಿರಿ, ಯುಎಎನ್ ನಂಬರ್ (ಪಿಎಫ್ ಖಾತೆಯ ಸಂಖ್ಯೆ) ಬರೆದಿಟ್ಟುಕೊಳ್ಳಿ. ಎರಡನೇ ಪಗಾರ ಆದ ಮೇಲೆ ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಮೊದಲ ತಿಂಗಳ ದುಡ್ಡು ಅಲ್ಲಿ ಬಿದ್ದಿಲ್ಲ ಅಂದರೆ, ಪಗಾರ ಚೀಟಿ ಹಿಡಿದುಕೊಂಡು ಅಕೌಂಟ್ಸ್‌ನವರ ಹತ್ತಿರ ಹೋಗಿ ಕೇಳಿ.