ವೋಟಿಂಗ್ ಪದ್ಧತಿ ಬದಲಾದ್ರೆ ಪುಢಾರಿಗಳ ಜಾಲ ಏನಾಗತ್ತೆ: ಜಪಾನ್ ಲೆಕ್ಕ ಹಾಕಿದ ನನ್ನ ಅನುಭವ

ಕಡೆಗೂ ಲೆಕ್ಕ ಕೂತ್ಕೊಳ್ತು. ಉಪಕಾರ ಮಾಡಿ ವೋಟ್ ಕಟ್ಕೊಳ್ಳೋ ಜಾಲಕ್ಕೆ ರಸೀದಿ ಇರಲ್ಲ, ಹೆಂಗೆ ಅಳೀತೀಯ ಅಂತ ಜೊತೆಯವರೆಲ್ಲ ಕೇಳಿದ್ರು. ಅಳೆದು ತೋರಿಸಿದೀನಿ.

ಮೊದಲು ಅನುದಾನದ ಲೆಕ್ಕ ಹಿಡ್ಕೊಂಡು ಆರು ತಿಂಗಳು ಹಾಳಾಯ್ತು, ಯಾವ ರಸ್ತೆ ಯಾರ ಕೃಪೆ ಅಂತ ಕಾಗದದಲ್ಲಿ ಎಲ್ಲಿ ಬರೆದಿರ್ತಾರೆ. ಆಮೇಲೆ ಊರುವಾರು ವೋಟಿಗೆ ಬಂದೆ. 1993ರವರೆಗೆ ಜಪಾನಿನ ಕೆಳಮನೆ ಚುನಾವಣೆಯಲ್ಲಿ ಕ್ಷೇತ್ರಕ್ಕೆ ಹೆಚ್ಚಾಗಿ ಮೂರರಿಂದ ಐದು ಸೀಟು, ಮತದಾರನಿಗೆ ಒಂದೇ ವೋಟು, ಒಂದೇ ಪಕ್ಷದವರು ಒಬ್ಬರ ಎದುರು ಒಬ್ಬರು ನಿಲ್ತಿದ್ರು, ಅದಕ್ಕೇ ಪ್ರತಿಯೊಬ್ಬನಿಗೂ ತನ್ನದೇ ಬೆಂಬಲಿಗರ ಸಂಘ, ಕೋಎನ್‌ಕಾಯ್. 1996ರ ಚುನಾವಣೆಗೆ ಅದು ಬದಲಾಯ್ತು: 300 ಕ್ಷೇತ್ರಕ್ಕೆ ಒಂದೊಂದೇ ಸೀಟು, ಉಳಿದ 200 ಸೀಟು ಪಕ್ಷದ ಪಟ್ಟಿಗೆ, ಅಂದ್ರೆ ಪಕ್ಷಕ್ಕೆ ಅಂತಲೇ ಬೇರೆ ಹಾಕೋ ವೋಟಿನ ಪ್ರಮಾಣಕ್ಕೆ ತಕ್ಕಂತೆ.

ದುಡ್ಡು ಹೋಗಿದ್ದು ಇಲ್ಲಿ. ಹಳೇ ಕೋಷ್ಟಕ ಟೈಪ್ ಮಾಡ್ಸೋಕೆ ಎರಡು ತಿಂಗಳ ಸಂಬಳ ಸುರಿದೆ, 2009ರ ಊರಪಟ್ಟಿ ಜೊತೆ ಹೊಂದಿಸಿದ್ರೆ ಅರ್ಧಕ್ಕರ್ಧ ಹೆಸರೇ ಇಲ್ಲ! 1999ರಿಂದ ಊರುಗಳನ್ನ ವಿಲೀನ ಮಾಡಿ 3,200 ಚಿಲ್ಲರೆ ಇದ್ದದ್ದು 1,700ರ ಹತ್ರಕ್ಕೆ ಇಳಿದಿತ್ತು. ಹಂಗಾಗಿ 1993, 1996 ಎರಡಕ್ಕೇ ನಿಲ್ಲಿಸ್ದೆ.

ಅಭ್ಯರ್ಥಿಯ ಪಾಲಿನಿಂದ ಅದೇ ಊರಿನ ಪಕ್ಷದ ಪಾಲು ಕಳೆದ್ರೆ ಉಳಿಯೋದು ಅವನ ಸ್ವಂತ ವೋಟು. 1993ರಲ್ಲಿ ಪಕ್ಷಕ್ಕೆ ಅಂತ ಬೇರೆ ವೋಟ್ ಇರ್ಲಿಲ್ಲ, ಅದಕ್ಕೆ 1992ರ ಮೇಲ್ಮನೆ ಚುನಾವಣೆಯ ಪಕ್ಷದ ವೋಟ್ ತಗೊಂಡೆ. ಇದು ನನ್ನ ತಲೆಗೇ ಹೊಳೆದಿದ್ದು, ಹೆಮ್ಮೆ ಇದೆ. ಆಳೋ ಪಕ್ಷ ಒಡೆದಾಗ ಹೊರಗೆ ಹೋದವರನ್ನ ಮಾತ್ರ ಬಿಟ್ಬಿಡಿ, ಇಲ್ಲಾಂದ್ರೆ ಲೆಕ್ಕ ಕೆಡತ್ತೆ. ತವರೂರಿನ ಅಭಿಮಾನ ಬೇರೆ, ಜಾಲ ಬೇರೆ, ಅವೆರಡನ್ನ ಬಿಡಿಸೋ ಉಪಾಯ ಸದ್ಯಕ್ಕೆ ನನ್ನ ಹತ್ರನೇ ಇರ್ಲಿ.

ಒಬ್ಬನ ನಕ್ಷೆ ನೋಡಿ: 1993ರಲ್ಲಿ ತವರೂರಲ್ಲಿ ಗೋಪುರದಂಗೆ ವೋಟು, ಪಕ್ಕದ ಊರು ಅದೇ ಪಕ್ಷದ ಇನ್ನೊಬ್ಬನದು, ಅಲ್ಲಿ ಬರೀ ಬಯಲು. 1996ರಲ್ಲಿ ಗೋಪುರ ಅರ್ಧ ಇಳೀತು, ಬಯಲು ತುಂಬ್ತು. ಇನ್ನೊಬ್ಬ ಪಟ್ಟಿಗೆ ಹೋಗಿದ್ದ, ಮುಂದಿನ ಸಲ ಅದಲುಬದಲು, ಇದಕ್ಕೆ ಅಲ್ಲಿ ಕೋಸ್ಟಾರಿಕಾ ಪದ್ಧತಿ ಅಂತಾರೆ. ಜಾಲ ಸಾಯ್ಲಿಲ್ಲ ರೀ, ಕೈ ಬದಲಾಯ್ತು ಅಷ್ಟೇ. ನಾನು ನೋಡಿದ ನಲವತ್ತು ಚಿಲ್ಲರೆ ಜನರಲ್ಲಿ ಹೆಚ್ಚಿನವರದ್ದು ಇದೇ ಕಥೆ.

ನಡುವೆ ಇಟಲಿನೂ ಕೆದಕಿದೆ. ಅಲ್ಲಿ ಮತದಾರ ಪಕ್ಷದ ಪಟ್ಟಿಯಿಂದ ಮೂರು ನಾಲ್ಕು ಹೆಸರು ಬರೀಬಹುದಿತ್ತು, ಹೆಸರಿನ ಬದಲು ಪಟ್ಟಿಯಲ್ಲಿರೋ ನಂಬರ್ ಹಾಕಿದ್ರೂ ನಡೀತಿತ್ತು. ಇಪ್ಪತ್ತು ಹೆಸರಲ್ಲಿ ಮೂರನ್ನ ಬೇರೆ ಬೇರೆ ಕ್ರಮದಲ್ಲಿ ಬರೆದ್ರೆ 6,840 ಜೋಡಣೆ, ಮನೆಗೊಂದು ಜೋಡಣೆ ಹಂಚಿದ್ರೆ ಎಣಿಕೆ ಹೊತ್ತಲ್ಲಿ ಯಾರು ಮಾತು ತಪ್ಪಿದ್ರು ಅಂತ ಗೊತ್ತಾಗ್ಬಿಡತ್ತೆ. 1991ರ ಜನಮತಗಣನೆ ಅದನ್ನ ಒಂದೇ ಹೆಸರಿಗೆ ಇಳಿಸ್ತು, ಪುಢಾರಿ ಕೈಲಿ ಉಳಿದಿದ್ದು ಬರೀ ಇಪ್ಪತ್ತು.