ಟ್ರೈನಲ್ಲಿ ಏರ್‌ಪೋರ್ಟಿಗೆ ಹೋಗುವವರು ಮೊದಲು ಟರ್ಮಿನಲ್ ನಂಬರ್ ನೋಡಿ
ಏರ್‌ಪೋರ್ಟ್ ಬೆಳೆದಂತೆಲ್ಲ ಟರ್ಮಿನಲ್‌ಗಳು ದೂರ ದೂರ ಆಗುತ್ತವೆ, ಟ್ರೈನ್ ಎಲ್ಲದರ ಬಾಗಿಲಿಗೂ ಹೋಗಲ್ಲ. ಲಂಡನ್ನಿನ ಹೀಥ್ರೂನಲ್ಲಿ 2 ಮತ್ತು 3ನೇ ಟರ್ಮಿನಲ್‌ಗೆ ಸೇರಿ ಒಂದು ಸ್ಟೇಷನ್, 4ಕ್ಕೆ ಬೇರೆ, 2008ರಲ್ಲಿ ಶುರುವಾದ 5ಕ್ಕೆ ಇನ್ನೊಂದು. ಅಲ್ಲಿಗೆ ಹೋಗುವ ಲಂಡನ್ ಮೆಟ್ರೋದ ಪಿಕಾಡಿಲಿ ಲೈನಿನ ಟ್ರೈನ್‌ಗಳಲ್ಲಿ ಕೆಲವು 4ರ ಕಡೆ ತಿರುಗಿದರೆ ಕೆಲವು 5ಕ್ಕೆ ಹೋಗುತ್ತವೆ. ಹತ್ತುವ ಮುಂಚೆ ದಯವಿಟ್ಟು ಟ್ರೈನಿನ ಮುಂದಿನ ಬೋರ್ಡ್ ಓದಿ.

ಹೊರಡುವ ದಿನ ಟಿಕೆಟ್ ಇನ್ನೊಮ್ಮೆ ತೆರೆದು ನೋಡಿ. ಕಟ್ಟಡದ ಕೆಲಸ ನಡೆಯುವಾಗ ಟರ್ಮಿನಲ್ ಬದಲಾಗುವುದುಂಟು. ಸ್ಟೇಷನ್ನಿಂದ ಶಟಲ್ ಬಸ್ ಹಿಡಿಯಬೇಕಿದ್ದರೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಲಿಫ್ಟ್ ಎಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ.

ರಾತ್ರಿ ಬಂದಿಳಿಯುವವರು ಕೊನೆಯ ಟ್ರೈನಿಗೆ ಸಮಯ ಲೆಕ್ಕ ಹಾಕುವಾಗ, ಬ್ಯಾಗು ಕೈಗೆ ಸಿಗುವ ಹೊತ್ತಿನಿಂದ ಹಾಕಿ.